ಗುದ್ದಿ ಓಡಿದ ವಾಹನದ ಬೆನ್ನ ಹಿಂದೆ



ನಮ್ಮ ಚರ್ಚಾ ಕಾರ್ಯಕ್ರಮಕ್ಕೆ ನೀವು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಪರೀಕ್ಷೆ, ಉದ್ಯೋಗ, ಅಂತರಿಕ್ಷ ಇವುಗಳ ಸುತ್ತ ಇರುತ್ತವೆ. ಒಂದು ಪತ್ರ ಮಾತ್ರ ಹಾಗಿರಲಿಲ್ಲ. ಬರೆದವನು ದ್ವಿತೀಯ ಪಿ.ಯು.ಸಿ. ಓದುತ್ತಿರುವ ಹುಡುಗ. ಹೆಸರು, ಊರು ಇಲ್ಲಿ ಬೇಡ. ಸಂಜೆ ಕಾಲೇಜಿನಿಂದ ಮರಳುವಾಗ ಹೆದ್ದಾರಿಯ ಪಕ್ಕದಲ್ಲಿ ಸೈಕಲ್ ಸವಾರನೊಬ್ಬ ಬಿದ್ದಿದ್ದನಂತೆ. ಗುದ್ದಿದ ಗಾಡಿ ಆಗಲೇ ಮಾಯವಾಗಿತ್ತು. ಬಸ್ಸು ನಿಂತಿತು. ಎಲ್ಲರೂ ಇಳಿದು ನೋಡಿದರು. "ಪೊಲೀಸ್ ಕೇಸು ಕಣ್ರಪ್ಪಾ, ಆಮೇಲೆ ಕೋರ್ಟಿಗೆ ಅಲೆಯೋರು ಯಾರು, ಹತ್ತಿ ಹತ್ತಿ" ಎಂದು ಯಾರೋ ಹಿರಿಯರು ಹೇಳಿದರು. ಎಲ್ಲರೂ ಹತ್ತಿದರು. ಹುಡುಗ ಬರೆದಿದ್ದ: "ನಾನೂ ಹತ್ತಿದೆ ಸಾರ್. ಇಂಥದ್ದರಲ್ಲಿ ಆಮೇಲೆ ಏನಾಗುತ್ತದೆ? ಗಾಡಿ ಸಿಗುತ್ತದೆಯೇ? ಸಿಗದಿದ್ದರೆ ಅವರ ಮನೆಯವರು ಏನು ಮಾಡುತ್ತಾರೆ?"

ಈ ಪ್ರಶ್ನೆಯನ್ನೇ ಇಟ್ಟುಕೊಂಡು ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ವಕೀಲರು, ಒಬ್ಬ ಶಸ್ತ್ರವೈದ್ಯರನ್ನು ಸ್ಟುಡಿಯೋಗೆ ಕರೆಸಿದೆವು. ಅರ್ಧ ಗಂಟೆ ಸಾಲಲಿಲ್ಲ. ಸಂಕಲನದಲ್ಲಿ ಕತ್ತರಿಸಿಹೋದ ಸಂಗತಿಗಳನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸ್ಪಷ್ಟನೆ. ಗುದ್ದಿದವನು ನಿಲ್ಲದೆ ಓಡಿಹೋದರೆ ನಾವು ಅದನ್ನು 'ಹಿಟ್ ಅಂಡ್ ರನ್' ಎನ್ನುತ್ತೇವೆ. ಪತ್ರಿಕೆಗಳು 'ಗುದ್ದೋಡು ಪ್ರಕರಣ' ಎನ್ನುತ್ತವೆ. ಆದರೆ ಪರಿಹಾರದ ಮಾತು ಬಂದಾಗ 1988ರ ಮೋಟಾರು ವಾಹನ ಕಾಯಿದೆ ಈ ಪದಕ್ಕೆ ಬೇರೆಯೇ ಅರ್ಥ ಕೊಡುತ್ತದೆ. ಸಾಕಷ್ಟು ಪ್ರಯತ್ನ ಮಾಡಿದರೂ ಯಾವ ವಾಹನ ಎಂದು ಪತ್ತೆಯಾಗದ ಅಪಘಾತವಷ್ಟೇ ಅಲ್ಲಿ 'ಹಿಟ್ ಅಂಡ್ ರನ್'. ಓಡಿಹೋದವನು ಮರುದಿನ ಸಿಕ್ಕಿಬಿದ್ದರೆ ಪರಿಹಾರದ ದಾರಿಯೇ ಬದಲಾಗುತ್ತದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ಅಪರೂಪದ ಘಟನೆಯೇನೂ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಇಂಥ 67,387 ಅಪಘಾತಗಳು ನಡೆದವು, 30,486 ಮಂದಿ ಸತ್ತರು. ಆ ವರ್ಷ ರಸ್ತೆಯಲ್ಲಿ ಸತ್ತವರು ಒಟ್ಟು 1,68,491. ಅಂದರೆ ಹೆಚ್ಚು ಕಡಿಮೆ ಐದಾರು ಸಾವುಗಳಿಗೆ ಒಂದು, ಗುದ್ದಿದವನು ನಿಲ್ಲದೇ ಹೋದ ಅಪಘಾತದಲ್ಲಿ ಆದದ್ದು.

ಮೊದಲ ಒಂದು ಗಂಟೆ

ಪೆಟ್ಟು ಬಿದ್ದ ನಂತರದ ಮೊದಲ ಒಂದು ಗಂಟೆಯನ್ನು ವೈದ್ಯರು 'ಗೋಲ್ಡನ್ ಅವರ್' ಎನ್ನುತ್ತಾರೆ. 2019ರ ತಿದ್ದುಪಡಿಯ ನಂತರ ಆ ಮಾತು ಕಾಯಿದೆಯ ಪುಟಕ್ಕೂ ಬಂದಿದೆ. ವಯಸ್ಕನ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಅದರಲ್ಲಿ 2 ಲೀಟರ್ ಹೋದರೆ ಜೀವ ಅಪಾಯದಲ್ಲಿದೆ ಎಂದೇ ಲೆಕ್ಕ. ನೀವು ಅಲ್ಲಿದ್ದರೆ ಮಾಡಬೇಕಾದ ಮೊದಲ ಕೆಲಸ 112ಕ್ಕೆ ಅಥವಾ ಆಂಬುಲೆನ್ಸಿಗಾಗಿ 108ಕ್ಕೆ ಫೋನ್ ಮಾಡುವುದು. ನಮ್ಮ ರಾಜ್ಯದಲ್ಲಿ 108 ಸೇವೆ 2008ರಿಂದ ಇದೆ. ರಕ್ತ ಹರಿಯುತ್ತಿರುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕತ್ತು, ಬೆನ್ನು ತಿರುಚುವಂತೆ ಎಳೆದು ಎತ್ತಬೇಡಿ. ನೀರು ಕುಡಿಸಬೇಡಿ, ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ನಮ್ಮ ಕಡೆ ಜನ ಮೊದಲು ಹುಡುಕುವುದೇ ನೀರಿನ ಬಾಟಲಿಯನ್ನು!

ಈಗ ಆ ಬಸ್ಸಿನ ಹಿರಿಯರು ಹೇಳಿದ 'ಪೊಲೀಸ್ ಕೇಸು' ಎಂಬ ಭಯಕ್ಕೆ ಬರೋಣ. ಅದು ಕಾರಣವಿಲ್ಲದೆ ಹುಟ್ಟಿದ ಭಯವಲ್ಲ. ಹಿಂದೆ ಒಬ್ಬ ಸ್ಕೂಟರ್ ಸವಾರನಿಗೆ ವೇಗವಾಗಿ ಬಂದ ಕಾರು ಗುದ್ದಿತು. ದಾರಿಹೋಕರೊಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರು. ಪೊಲೀಸ್ ಕೇಸುಗಳನ್ನು ನೋಡಲು ತಮಗೆ ಅಧಿಕಾರವಿಲ್ಲ, ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಅಲ್ಲಿನ ವೈದ್ಯರು ಕಳಿಸಿದರು. ಸವಾರ ದಾರಿಯಲ್ಲಿಯೇ ತೀರಿಕೊಂಡ. ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನೇ ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಜೀವ ಉಳಿಸುವುದು ವೈದ್ಯನ ಕರ್ತವ್ಯ, ಕಾಗದಪತ್ರ ಆಮೇಲೆ.

ಗಾಯಾಳುವನ್ನು ತಂದವರ ಪಾಡೇನು? ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲಿ ಅವರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕ ತನ್ನದೇ ಕಾಯಿದೆ ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಕೇಂದ್ರ ಕಾಯಿದೆಗೂ 134ಎ ಎಂಬ ಕಲಮು ಸೇರಿತು. ಇವುಗಳ ಸಾರಾಂಶ ಇಷ್ಟು: ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಅದೇ ಕಾರಣಕ್ಕೆ ಮೊಕದ್ದಮೆ ಹೂಡುವಂತಿಲ್ಲ. ಆಸ್ಪತ್ರೆಯವರು ನಿಮ್ಮಿಂದ ಹಣ ಕೇಳುವಂತಿಲ್ಲ, ತಡೆದು ಕೂರಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಕಣ್ಣಾರೆ ಕಂಡ ಸಾಕ್ಷಿಯಾಗಲು ನೀವಾಗಿ ಒಪ್ಪಿದರೆ ಮಾತ್ರ ಹೇಳಿಕೆ, ಅದೂ ಪದೇ ಪದೇ ಅಲೆಸದೆ.

ಚಿಕಿತ್ಸೆಯ ಖರ್ಚಿಗೂ ಈಗ ಒಂದು ವ್ಯವಸ್ಥೆ ಆಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ದೊರೆಯಬೇಕು. ಗುದ್ದಿದ ವಾಹನ ಯಾವುದೆಂದು ಗೊತ್ತಿಲ್ಲದಿದ್ದರೂ ಇದು ಅನ್ವಯಿಸುತ್ತದೆ.

ರಸ್ತೆಯ ಮೇಲೆ ಉಳಿದದ್ದು

ಇತ್ತ ಆಸ್ಪತ್ರೆಯಿಂದ ಠಾಣೆಗೆ ಎಂ.ಎಲ್.ಸಿ. ಮೆಮೊ ಹೋಗುತ್ತದೆ. ಪೊಲೀಸರು ಪ್ರಥಮ ವರ್ತಮಾನ ವರದಿ ದಾಖಲಿಸುತ್ತಾರೆ. ವಾಹನದ ನಂಬರು ಗೊತ್ತಿಲ್ಲದಿದ್ದರೆ 'ಅಪರಿಚಿತ ವಾಹನದ ಚಾಲಕ' ಎಂದೇ ಬರೆದುಕೊಳ್ಳುತ್ತಾರೆ. ನಂಬರು ತನ್ನಿ, ಆಮೇಲೆ ದೂರು ತೆಗೆದುಕೊಳ್ಳುತ್ತೇವೆ ಎನ್ನುವ ಹಾಗಿಲ್ಲ. ಅನಂತರ ಪಂಚರ ಸಮಕ್ಷಮ ಸ್ಥಳ ಮಹಜರು, ಅಳತೆ ಹಾಕಿದ ನಕ್ಷೆ, ಛಾಯಾಚಿತ್ರ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಎಲ್ಲಕ್ಕಿಂತ ರೋಚಕವೆನಿಸಿದ್ದು ಇಲ್ಲಿಂದ ಮುಂದಿನ ಭಾಗ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಎಂಬ ವಿಜ್ಞಾನಿಯ ತತ್ವವೊಂದಿದೆ. ಎರಡು ವಸ್ತುಗಳು ತಾಗಿದರೆ ಒಂದರದ್ದು ಇನ್ನೊಂದಕ್ಕೆ ಏನಾದರೂ ಅಂಟಿಯೇ ಅಂಟುತ್ತದೆ. ಓಡಿಹೋದ ಗಾಡಿ ರಸ್ತೆಯಲ್ಲಿ ತನ್ನ ಚೂರುಗಳನ್ನು ಬಿಟ್ಟು, ಸೈಕಲ್ಲಿನ ಗುರುತುಗಳನ್ನು ತನ್ನೊಡನೆ ಹೊತ್ತುಕೊಂಡು ಹೋಗಿರುತ್ತದೆ.

ಬಣ್ಣದ ಚಕ್ಕೆಯನ್ನೇ ತೆಗೆದುಕೊಳ್ಳಿ. ಸಾಸಿವೆ ಕಾಳಿನಷ್ಟಿದ್ದರೂ ಸಾಕು. ಕಾರಿನ ಬಣ್ಣ ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ನುಣುಪು ಮಾಡುವ ಪದರ, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಪಾರದರ್ಶಕ ಪದರ. ಚಕ್ಕೆಯ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವು ಭೂವಿಜ್ಞಾನದ ಪುಸ್ತಕದ ಶಿಲಾಪದರಗಳ ಹಾಗೆ ಕಾಣುತ್ತವೆ. ಅತಿಗೆಂಪು ಕಿರಣಗಳನ್ನು ಹಾಯಿಸಿ ಪ್ರತಿ ಪದರದ ರಾಸಾಯನಿಕ ರಚನೆಯನ್ನೂ ತಿಳಿಯಬಹುದು. ಹೊಸ ಕಾರಿನ ಚಕ್ಕೆಯಿಂದ ತಯಾರಕ, ಮಾದರಿ ಇಷ್ಟನ್ನು ಊಹಿಸಬಹುದಷ್ಟೆ, ಏಕೆಂದರೆ ಅದೇ ಬಣ್ಣದ ಸಾವಿರಾರು ಕಾರುಗಳಿರುತ್ತವೆ. ಆದರೆ ಮೂರು ಬಾರಿ ಬಣ್ಣ ಹೊಡೆಸಿಕೊಂಡ ಹಳೆಯ ಟೆಂಪೋ ಇದೆಯಲ್ಲ, ಅದರ ಪದರಗಳ ಸಾಲು ಇನ್ನೊಂದು ಗಾಡಿಯಲ್ಲಿ ಹಾಗೆಯೇ ಸಿಗುವುದು ಬಹಳ ಕಷ್ಟ. ಗುರುತು ಮರೆಸಲು ಬಣ್ಣ ಬಳಿದಷ್ಟೂ ಗುರುತು ಗಟ್ಟಿಯಾಗುತ್ತದೆ! ಇನ್ನು ಚಕ್ಕೆಯ ಮುರಿದ ಅಂಚು ಗಾಡಿಯ ಮೇಲಿನ ಗಾಯಕ್ಕೆ ಬೀಗಕ್ಕೆ ಕೀಲಿ ಕೂತಂತೆ ಕೂತರೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಡ.

ಗಾಜಿನ ಕತೆಯೂ ಹೀಗೆಯೇ. ಮುಂಭಾಗದ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಮಾಡಿದ್ದು; ಬಿರುಕು ಬಿಟ್ಟರೂ ಅಂಟಿಕೊಂಡಿರುತ್ತದೆ. ಪಕ್ಕದ ಕಿಟಕಿಯದು ಕಲ್ಲುಸಕ್ಕರೆಯಂತೆ ಸಣ್ಣ ತುಂಡುಗಳಾಗಿ ಉದುರುತ್ತದೆ. ಚೂರು ನೋಡಿದ ಕೂಡಲೇ ಅದು ಯಾವ ಭಾಗದ್ದೆಂದು ಅಂದಾಜು ಸಿಗುತ್ತದೆ. ಮುಂದಿನ ಪರೀಕ್ಷೆ ನಿಮ್ಮ ಭೌತಶಾಸ್ತ್ರದ ಪಾಠವೇ. ಗಾಜಿನ ಚೂರನ್ನು ಒಂದು ಎಣ್ಣೆಯಲ್ಲಿ ಮುಳುಗಿಸಿ ನಿಧಾನವಾಗಿ ಕಾಯಿಸುತ್ತಾರೆ. ಕಾದಂತೆಲ್ಲ ಎಣ್ಣೆಯ ವಕ್ರೀಭವನ ಸೂಚ್ಯಂಕ ಇಳಿಯುತ್ತದೆ. ಅದು ಗಾಜಿನ ಸೂಚ್ಯಂಕಕ್ಕೆ ಸಮವಾದ ಕ್ಷಣದಲ್ಲಿ ಚೂರಿನ ಅಂಚು ಕಣ್ಣಿಗೆ ಕಾಣದಂತಾಗುತ್ತದೆ. ಆ ಉಷ್ಣತೆಯಿಂದ ಗಾಜಿನ ಸೂಚ್ಯಂಕವನ್ನು ಬಲು ನಿಖರವಾಗಿ ಲೆಕ್ಕ ಹಾಕಿ, ಸಂಶಯದ ಗಾಡಿಯ ಗಾಜಿನೊಡನೆ ಹೋಲಿಸುತ್ತಾರೆ.

"ದೀಪ ಹಾಕಿಕೊಂಡೇ ಬರುತ್ತಿದ್ದೆ ಸ್ವಾಮಿ" ಎಂದು ಚಾಲಕ ಹೇಳಬಹುದು. ತಂತಿಯಿರುವ ಹಳೆಯ ಬಗೆಯ ಬಲ್ಬಾದರೆ ಬಲ್ಬೇ ಉತ್ತರ ಹೇಳುತ್ತದೆ. ಉರಿಯುತ್ತಿರುವಾಗ ಗಾಜು ಒಡೆದರೆ ಕೆಂಪಗೆ ಕಾದ ಟಂಗ್‌ಸ್ಟನ್ ತಂತಿಗೆ ಗಾಳಿಯ ಆಮ್ಲಜನಕ ಸೇರಿ ಅದರ ಮೇಲೆ ಆಕ್ಸೈಡಿನ ಪುಡಿ ಕೂರುತ್ತದೆ, ಗಾಜಿನ ಕಣಗಳು ಕರಗಿ ಅಂಟುತ್ತವೆ. ಆರಿದ್ದ ಬಲ್ಬಿನ ತಂತಿ ತಣ್ಣಗೆ ಹೊಳೆಯುತ್ತ ಚಕ್ಕನೆ ಮುರಿದಿರುತ್ತದೆ. ಎಲ್‌ಇಡಿ ದೀಪಗಳಲ್ಲಿ ತಂತಿಯೇ ಇಲ್ಲ, ಈ ಪರೀಕ್ಷೆ ಅಲ್ಲಿ ನಡೆಯದು.

ಗಾಯವೂ ಮಾತಾಡುತ್ತದೆ. ನಿಂತವನಿಗೆ ಕಾರು ಗುದ್ದಿದರೆ ಮೊದಲ ಪೆಟ್ಟು ಬಂಪರಿನದು, ಕಾಲಿಗೆ. ನೆಲದಿಂದ ಆ ಗಾಯದ ಎತ್ತರವನ್ನು ವೈದ್ಯರು ಅಳೆದು ಬರೆಯುತ್ತಾರೆ. ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿಯ ಮೂತಿ ತಗ್ಗುತ್ತದೆ, ಇದು ನಿಮಗೂ ಅನುಭವವಿರಬೇಕು. ಹಾಗಾಗಿ ಗಾಯ ಬಂಪರಿನ ಎತ್ತರಕ್ಕಿಂತ ಕೆಳಗಿದ್ದರೆ ಚಾಲಕ ಬ್ರೇಕ್ ಒತ್ತಿದ್ದ ಎನ್ನಲು ಒಂದು ಸುಳಿವು.

ರಸ್ತೆಯ ಮೇಲಿನ ಟೈರಿನ ಉಜ್ಜುಗೆರೆಯಿಂದ ವೇಗ ಕಂಡುಹಿಡಿಯುವುದನ್ನು ನೀವೇ ಮಾಡಬಹುದು. ಗಾಡಿಯ ಚಲನಶಕ್ತಿಯೆಲ್ಲ ಘರ್ಷಣೆಯಲ್ಲಿ ಕಳೆದುಹೋಯಿತು ಎಂದುಕೊಳ್ಳಿ. ಎರಡೂ ಕಡೆ ದ್ರವ್ಯರಾಶಿ ಬರುವುದರಿಂದ ಅದು ಹೊಡೆದುಹೋಗಿ, ವೇಗದ ವರ್ಗ = 2 × ಘರ್ಷಣಾಂಕ × ಗುರುತ್ವ ವೇಗೋತ್ಕರ್ಷ × ಗೆರೆಯ ಉದ್ದ ಎಂದಾಗುತ್ತದೆ. ಒಣಗಿದ ಡಾಂಬರು ರಸ್ತೆಗೆ ಘರ್ಷಣಾಂಕ 0.7, ಗೆರೆ 20 ಮೀಟರ್ ಎಂದರೆ ವೇಗ ಸೆಕೆಂಡಿಗೆ ಸುಮಾರು 16.5 ಮೀಟರ್, ಅಂದರೆ ಗಂಟೆಗೆ 60 ಕಿಲೋಮೀಟರಿನ ಹತ್ತಿರ. ಗೆರೆ ಮುಗಿಯುವ ಮೊದಲೇ ಗುದ್ದಿದ್ದರೆ ನಿಜವಾದ ವೇಗ ಇನ್ನೂ ಹೆಚ್ಚು. ಈಗಿನ ಎಬಿಎಸ್ ಬ್ರೇಕಿನ ಕಾರುಗಳು ಇಷ್ಟು ದಟ್ಟ ಗೆರೆ ಬಿಡುವುದಿಲ್ಲ. ಗೆರೆಯೇ ಇಲ್ಲದ ರಸ್ತೆಯೂ ಒಂದು ಸಂಗತಿ ಹೇಳುತ್ತಿರಬಹುದು, ಚಾಲಕ ಬ್ರೇಕಿನ ಮೇಲೆ ಕಾಲಿಡಲೇ ಇಲ್ಲ ಎಂದು.

ಇವೆಲ್ಲ ಲಕೋಟೆಗಳಲ್ಲಿ ಮೊಹರಾಗಿ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಪ್ರಾದೇಶಿಕ ಪ್ರಯೋಗಾಲಯಕ್ಕೋ ಹೋಗುತ್ತವೆ. ಆದರೆ ಒಂದು ಮಾತು ತಿಳಿದಿರಲಿ. ಪ್ರಯೋಗಾಲಯ ಗಾಡಿಯನ್ನು ಹುಡುಕಿಕೊಡುವುದಿಲ್ಲ. ಸಿಕ್ಕ ಗಾಡಿ ಅದೇ ಹೌದೋ ಅಲ್ಲವೋ ಎಂದು ಹೇಳುತ್ತದೆ. ಹುಡುಕುವ ಕೆಲಸ ಪೊಲೀಸರದ್ದು. ಅಂಗಡಿ, ಪೆಟ್ರೋಲ್ ಬಂಕುಗಳ ಕ್ಯಾಮೆರಾ, ಟೋಲ್ ಗೇಟಿನ ಫಾಸ್ಟ್ಯಾಗ್ ದಾಖಲೆ, ಮುಂಭಾಗದ ಗಾಜು ಬದಲಿಸಲು ಬಂದ ಗಾಡಿಗಳ ಬಗ್ಗೆ ಗ್ಯಾರೇಜುಗಳಲ್ಲಿ ವಿಚಾರಣೆ. ಇಲ್ಲಿ ಸಮಯವೇ ಎಲ್ಲ. ಕ್ಯಾಮೆರಾದ ಚಿತ್ರಗಳು ಕೆಲವು ದಿನಗಳಲ್ಲಿ ಅಳಿದು ಮೇಲೆ ಹೊಸದು ಬರುತ್ತದೆ. ಒಂದು ಮಳೆ ಬಂದರೆ ರಸ್ತೆಯೂ ತೊಳೆದುಹೋಗುತ್ತದೆ. ನಂಬರಿನ ಕೊನೆಯ ಎರಡು ಅಂಕಿ, ಹಿಂಬಾಗಿಲಿನ ಮೇಲಿನ ಬರಹ, ಒಡೆದ ಒಂದು ದೀಪ, ಇಷ್ಟನ್ನು ಯಾರಾದರೂ ಆ ದಿನವೇ ಹೇಳಿದ್ದರೆ ಎಷ್ಟೋ ಕೆಲಸ ಹಗುರಾಗುತ್ತಿತ್ತು ಎಂದು ನಮ್ಮ ಅತಿಥಿ ಅಧಿಕಾರಿ ಎರಡು ಬಾರಿ ಹೇಳಿದರು.

ಗಾಡಿ ಸಿಕ್ಕರೆ

ನಂಬರು ತಿಳಿದರೆ ಮಾಲೀಕನಿಗೆ ಕಲಮು 133ರ ನೋಟಿಸು ಹೋಗುತ್ತದೆ. ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರೆಂದು ಅವನು ಹೇಳಲೇಬೇಕು. ಮೋಟಾರು ವಾಹನ ನಿರೀಕ್ಷಕರು ಗಾಡಿಯನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯಂತೆ ದೋಷಾರೋಪಣ ಪಟ್ಟಿ ಸಿದ್ಧವಾಗುತ್ತದೆ. ನಿರ್ಲಕ್ಷ್ಯದಿಂದ ಸಾವಾಗಿದ್ದರೆ 5 ವರ್ಷದವರೆಗೆ ಸಜೆ ಮತ್ತು ದಂಡ. ಹಳೆಯ ದಂಡ ಸಂಹಿತೆಯಲ್ಲಿ ಇದು 2 ವರ್ಷವಿತ್ತು. ಓಡಿಹೋಗಿ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದಿದ್ದರೆ 10 ವರ್ಷದವರೆಗೆ ಸಜೆ ಎಂಬ ಉಪಕಲಮೂ ಹೊಸ ಸಂಹಿತೆಯಲ್ಲಿದೆ. ಅದನ್ನು ವಿರೋಧಿಸಿ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ಸರ್ಕಾರ ತಡೆಹಿಡಿಯಿತು.

ಚಾಲಕರ ವಾದದಲ್ಲೂ ಸ್ವಲ್ಪ ಸತ್ಯವಿದೆ. ನಿಂತರೆ ಜನ ಹೊಡೆದು ಹಾಕುತ್ತಾರೆ ಎಂಬ ಭಯ ಸುಳ್ಳಲ್ಲ. ಕಾಯಿದೆಯೂ ಅದನ್ನು ಒಪ್ಪಿದೆ. ಕಲಮು 134ರಂತೆ ಗುದ್ದಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಯತ್ನಿಸಬೇಕು. ಗುಂಪಿನ ಕೋಪದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಇದೆ. ಆದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ಹೋಗಿ ತಿಳಿಸುವುದಕ್ಕೆ ವಿನಾಯಿತಿ ಇಲ್ಲ. ಮುಂದಿನ ಠಾಣೆಯಲ್ಲಿ ಗಾಡಿ ನಿಲ್ಲಿಸಲು ಯಾವ ಗುಂಪು ಅಡ್ಡ ಬರುತ್ತದೆ? ಜೇಬಿನಲ್ಲಿ ಫೋನ್ ಇರುವ ಈ ಕಾಲದಲ್ಲಿ ಆ ಭಯವನ್ನು ಪೂರ್ತಿ ನೆಪವಾಗಿ ಒಪ್ಪಲು ನನಗೆ ಕಷ್ಟ.

ಪರವಾನಗಿ ಇಲ್ಲದೆ ಅಪ್ಪನ ಸ್ಕೂಟರ್ ಒಯ್ಯುವ ಮಿತ್ರರೇ, ಒಂದು ಮಾತು. 18 ತುಂಬದವರು ಅಪರಾಧವೆಸಗಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ನಿಮಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ.

ಪರಿಹಾರಕ್ಕೆ ಬೇರೆ ದಾರಿ. ಪ್ರತಿ ವಾಹನಕ್ಕೂ ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಡ್ಡಾಯ. ಗಾಯಾಳು ಅಥವಾ ಸತ್ತವರ ವಾರಸುದಾರರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆ ಇವುಗಳಿಂದ ಮೊತ್ತ ನಿರ್ಧಾರವಾಗುತ್ತದೆ. ಅರ್ಜಿಗೆ ಕಾಯಿದೆ ಈಗ 6 ತಿಂಗಳ ಅವಧಿ ಹೇಳುತ್ತದೆ, ಆದ್ದರಿಂದ ತಡ ಮಾಡುವುದು ಸಲ್ಲದು.

ಸಿಗದೇ ಹೋದರೆ

ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಕೊನೆಗೆ ನ್ಯಾಯಾಲಯಕ್ಕೆ 'ಸಿ ರಿಪೋರ್ಟ್' ಸಲ್ಲಿಸುತ್ತಾರೆ. ಪತ್ತೆಯಾಗಲಿಲ್ಲ ಎಂದು ಅದರ ಅರ್ಥ. ಬಹಳಷ್ಟು ಮನೆಯವರು ಇಲ್ಲಿಗೆ ಎಲ್ಲ ಮುಗಿಯಿತೆಂದು ಕೈಚೆಲ್ಲುತ್ತಾರೆ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು.

ಗಾಡಿ ಸಿಗದಿದ್ದರೂ ಪರಿಹಾರ ಉಂಟು. ಕಲಮು 161ರಂತೆ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೊದಲು ಇದು 25,000 ಮತ್ತು 12,500 ಇತ್ತು. ಹೊಸ ಯೋಜನೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದಕ್ಕೆ ನ್ಯಾಯಮಂಡಳಿಗೆ ಹೋಗಬೇಕಾಗಿಲ್ಲ. ಅಪಘಾತ ನಡೆದ ತಾಲ್ಲೂಕಿನ ಅಥವಾ ಉಪವಿಭಾಗದ ಕಂದಾಯ ಅಧಿಕಾರಿಯೇ, ಅಂದರೆ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗಳು, ವಿಚಾರಣಾಧಿಕಾರಿ. ಅವರ ಕಚೇರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿ, ಮರಣೋತ್ತರ ಪರೀಕ್ಷೆ ಅಥವಾ ಗಾಯದ ವರದಿ, ಗುರುತಿನ ದಾಖಲೆ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಇವುಗಳೊಡನೆ ಅರ್ಜಿ ಕೊಡಬೇಕು. ಒಂದು ತಿಂಗಳಲ್ಲಿ ಅವರ ವರದಿ ಜಿಲ್ಲಾಧಿಕಾರಿಗಳಿಗೆ, ಅಲ್ಲಿಂದ 15 ದಿನದಲ್ಲಿ ಮಂಜೂರಾತಿ, ಇನ್ನು 15 ದಿನದಲ್ಲಿ ಜನರಲ್ ಇನ್ಶೂರೆನ್ಸ್ ಕೌನ್ಸಿಲ್‌ನಿಂದ ಖಾತೆಗೆ ಹಣ. ಮುಂದೆಂದಾದರೂ ಗಾಡಿ ಸಿಕ್ಕಿ ನ್ಯಾಯಮಂಡಳಿ ದೊಡ್ಡ ಮೊತ್ತ ಕೊಡಿಸಿದರೆ ಇದನ್ನು ಅದರಲ್ಲಿ ಕಳೆಯುತ್ತಾರೆ.

ಕಾಗದದ ಮೇಲೆ ಸರಳವಾಗಿದೆ ಅಲ್ಲವೇ? ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಡಾ. ಎಸ್. ರಾಜಶೇಖರನ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿ. 2022-23ರಲ್ಲಿ ದೇಶದಾದ್ಯಂತ ಈ ಯೋಜನೆಯಡಿ ಬಂದ ಅರ್ಜಿಗಳು ಕೇವಲ 205, ಇತ್ಯರ್ಥವಾದವು 95. ಮೇಲೆ ಹೇಳಿದ 67,387 ಅಪಘಾತಗಳ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿ. ಜನಕ್ಕೆ ಬೇಡವಾಗಿ ಅಲ್ಲ, ಯಾರೂ ಹೇಳಿಲ್ಲದ್ದರಿಂದ. ಅದಕ್ಕೇ 2024ರ ಜನವರಿ 12ರಂದು ನ್ಯಾಯಾಲಯ ಆದೇಶ ಮಾಡಿತು: ಪ್ರಕರಣ ದಾಖಲಾದ ಒಂದು ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ ಠಾಣಾಧಿಕಾರಿ ಈ ಯೋಜನೆಯ ಬಗ್ಗೆ ಗಾಯಾಳುವಿಗೆ ಅಥವಾ ಸತ್ತವರ ಮನೆಯವರಿಗೆ ಲಿಖಿತವಾಗಿ ತಿಳಿಸಬೇಕು, ಅರ್ಜಿ ಎಲ್ಲಿ ಕೊಡಬೇಕೆಂಬ ವಿವರವನ್ನೂ ಕೊಡಬೇಕು.

ಇನ್ನು ಪತ್ರ ಬರೆದ ಹುಡುಗನ ವಿಷಯ. ಹೇಳಿಕೆ ಕೊಡುವ ಕಾಲ ಮೀರಿಲ್ಲ, ಸಿ ರಿಪೋರ್ಟ್ ಆದ ಮೇಲೂ ಹೊಸ ಸುಳಿವು ಸಿಕ್ಕರೆ ಪೊಲೀಸರು ಮುಂದಿನ ತನಿಖೆ ಮಾಡಬಹುದು, ಬಸ್ಸಿನಿಂದ ಕಂಡದ್ದೇನು ಎಂದು ನೆನಪಿದ್ದಷ್ಟನ್ನು ಬರೆದಿಡು ಎಂದು ಅವನಿಗೆ ಉತ್ತರ ಬರೆದೆ. ಮೂರು ವಾರದ ಮೇಲೆ ಎರಡನೆಯ ಪತ್ರ ಬಂತು. ತನ್ನ ಸೋದರಮಾವನನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿದ್ದನಂತೆ. ಎದುರಿನಿಂದ ಒಂದೇ ದೀಪ ಉರಿಸಿಕೊಂಡು ಬಂದ ಬಿಳಿಯ ಗೂಡ್ಸ್ ಗಾಡಿಯೊಂದು ತಮ್ಮ ಬಸ್ಸನ್ನು ದಾಟಿ ಹೋದದ್ದು, ಅದಾದ ಎರಡು ನಿಮಿಷಕ್ಕೆ ಬಿದ್ದವನು ಕಂಡದ್ದು, ಇಷ್ಟನ್ನು ಬರೆಸಿದ್ದಾನೆ. ಸೈಕಲ್ ಸವಾರರು ಮರುದಿನವೇ ತೀರಿಕೊಂಡಿದ್ದರು. ಕೂಲಿ ಕೆಲಸದವರು, ಇಬ್ಬರು ಮಕ್ಕಳು. ಅವರ ಹೆಂಡತಿಗೆ 2 ಲಕ್ಷದ ವಿಚಾರ ಗೊತ್ತಿರಲಿಲ್ಲ. ಹುಡುಗ ಮತ್ತು ಅವನ ಮಾವ ಸೇರಿ ಅರ್ಜಿ ತುಂಬಿಕೊಟ್ಟಿದ್ದಾರೆ, ಅದು ಈಗ ತಹಶೀಲ್ದಾರರ ಕಚೇರಿಯಲ್ಲಿದೆ. ಗಾಡಿ ಇನ್ನೂ ಸಿಕ್ಕಿಲ್ಲ.